ನಗರರಚನಾ ವಿದ್ಯೆಯೂ ನಮ್ಮ ಸೀಮೆಯೂ

(ಶ್ರೀಮಠದ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಪಾಠಶಾಲೆಯಲ್ಲಿ ಕೌಮುದಿಯನ್ನೂ ತರ್ಕಸಂಗ್ರಹವನ್ನೂ ಓದಿ, ಅನಂತರ ಅವುಗಳನ್ನೇ ಇತರರಿಗೆ ಓದಿಸುತ್ತ ಕಾಲಕಳೆದ ನನ್ನಂಥವನು ಪಟ್ಟಣಗಳ ರಚನೆಯನ್ನು ಕುರಿತು ಮಾತನಾಡಲು ಎದ್ದು ನಿಂತುದನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಅದರ ಕಾರಣವನ್ನು ಮೊದಲು ಅರಿಕೆ ಮಾಡುವೆನು. ಶ್ರೀಮಠದ ವಿದ್ಯಾರ್ಥಿ ಸಹಾಯನಿಧಿಗೆ ಈ ಸಲ ಬಂದ ಅರ್ಜಿಗಳಲ್ಲಿ ಸಿರುಗುಪ್ಪದ ಕಡೆಯ ಒಬ್ಬ ಹೆಣ್ಣುಮಗಳ ಅರ್ಜಿಯೂ ಒಂದು. ಎಂಜಿನಿಯರಿಂಗ್ ಪದವಿಯನ್ನು ಮುಗಿಸಿ, ಎರಡು ವರ್ಷ ಕೆಲಸವನ್ನೂ ಮಾಡಿರುವ ಆಕೆಯು ಲಂಡನ್ನಿಗೆ ಹೋಗಿ ನಗರ ಯೋಜನೆಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬೇಕೆಂದು ಬರೆದುಕೊಂಡಿದ್ದಾಳೆ. ಸಮಿತಿಯಲ್ಲಿ ಎರಡು ಪಕ್ಷಗಳಾದುವು. “ವೈದ್ಯವಿದ್ಯೆಗೆ ಕೊಟ್ಟರೆ ಊರಿಗೊಬ್ಬ ವೈದ್ಯನಾದರೂ ದೊರೆತಾನು, ನಮ್ಮ ಊರನ್ನು ಸರಿಮಾಡುವುದಕ್ಕೆ ಲಂಡನ್ನಿನಲ್ಲಿ ಕಲಿಯುವಂಥಾದ್ದು ಏನಿದೆ?” ಎಂದು ಹಿರಿಯರೊಬ್ಬರು ಕೇಳಿದರು. ಆ ಪ್ರಶ್ನೆ ಹಗುರವಾದುದಲ್ಲ. ಶ್ರೀಗಳವರು ಎರಡು ಪಕ್ಷಗಳನ್ನೂ ಆಲಿಸಿ, “ಮೊದಲು ಆ ವಿದ್ಯೆ ಏನೆಂಬುದನ್ನು ತಿಳಿದು ಎಲ್ಲರಿಗೂ ಹೇಳಿರಿ” ಎಂದು ನನಗೆ ಅಪ್ಪಣೆ ಕೊಡಿಸಿದರು. ಅಂದಿನಿಂದ ದೊರೆತಷ್ಟು ಗ್ರಂಥಗಳನ್ನು ನೋಡಿದೆನು, ತಿಳಿದವರನ್ನು ಕೇಳಿದೆನು. ನನ್ನ ಅಭಿಪ್ರಾಯವನ್ನು ಕೊನೆಯ ವರೆಗೆ ಮುಚ್ಚಿಡತಕ್ಕದ್ದಿಲ್ಲ. ಹಣವನ್ನು ಕೊಡಬೇಕು, ಆದರೆ ಒಂದು ನಿಯಮದ ಮೇಲೆ ಕೊಡಬೇಕು. ಆ ನಿಯಮ ಯಾವುದು, ಅದು ಏತಕ್ಕೆ ಎಂಬುದೇ ಈ ಉಪನ್ಯಾಸದ ವಿಷಯ.

ಈ ವಿದ್ಯೆಯ ಹೆಸರನ್ನು ಕೇಳಿದೊಡನೆಯೇ ನಮ್ಮವರಲ್ಲಿ ಅನೇಕರು “ಅದೆಲ್ಲ ನಮ್ಮ ವಾಸ್ತುಶಾಸ್ತ್ರದಲ್ಲಿ ಇದೆಯಲ್ಲ” ಎನ್ನುತ್ತಾರೆ. ಇದ್ದುದು ನಿಜ. ಮಾನಸಾರದಲ್ಲಿ ದಂಡಕ, ಸರ್ವತೋಭದ್ರ, ನಂದ್ಯಾವರ್ತ, ಪದ್ಮಕ, ಸ್ವಸ್ತಿಕ, ಪ್ರಸ್ತರ, ಕಾರ್ಮುಕ, ಚತುರ್ಮುಖ ಎಂದು ಎಂಟು ಬಗೆಯ ಗ್ರಾಮಗಳನ್ನು ಹೇಳಿದೆ. ಕೌಟಿಲ್ಯನ ಅರ್ಥಶಾಸ್ತ್ರವು ಪಟ್ಟಣಕ್ಕೆ ಪೂರ್ವಪಶ್ಚಿಮವಾಗಿ ಮೂರು, ದಕ್ಷಿಣೋತ್ತರವಾಗಿ ಮೂರು ರಾಜಮಾರ್ಗಗಳನ್ನೂ ಹನ್ನೆರಡು ಬಾಗಿಲುಗಳನ್ನೂ ವಿಧಿಸುತ್ತದೆ. ಅಷ್ಟೇ ಅಲ್ಲ, ಬೀದಿಯಲ್ಲಿ ಕಸ ಸುರಿದವನಿಗೆ ಪಣದ ಎಂಟನೆಯ ಒಂದು ಭಾಗ, ಕೆಸರುನೀರನ್ನು ಕಟ್ಟಿ ನಿಲ್ಲಿಸಿದವನಿಗೆ ಕಾಲು ಪಣ ದಂಡವೆಂದು ಹೇಳುತ್ತದೆ. ಆ ದಂಡವನ್ನು ಇಂದು ನಮ್ಮ ಬ್ರೂಸ್‌ಪೇಟೆಯಲ್ಲಿ ವಸೂಲುಮಾಡುವುದಾದರೆ ನಗರಪಾಲಿಕೆಗೆ ಬೇರೆ ಕಂದಾಯವೇ ಬೇಕಾಗದು! ಆದರೆ ಶಾಸ್ತ್ರವನ್ನು ಓದಿದವನಾಗಿಯೇ ಒಂದು ಮಾತು ಹೇಳುತ್ತೇನೆ. ಎಲ್ಲವೂ ಹಿಂದೆಯೇ ಇತ್ತೆನ್ನುವವರು ಶಾಸ್ತ್ರಕ್ಕೆ ಉಪಕಾರ ಮಾಡುವುದಿಲ್ಲ. 2011ರ ಜನಗಣತಿಯಲ್ಲಿ ನಾಲ್ಕು ಲಕ್ಷಕ್ಕೆ ಮೇಲ್ಪಟ್ಟು ಜನರಿದ್ದ ಬಳ್ಳಾರಿಗೆ ತುಂಗಭದ್ರೆಯ ಕಾಲುವೆಯಿಂದ ನೀರನ್ನು ತಂದು ಕೆರೆ ತುಂಬಿಸುವ ಲೆಕ್ಕವಾಗಲಿ, ಬಸ್ಸು ಲಾರಿಗಳು ತಿರುಗುವ ಹಾದಿಯ ಲೆಕ್ಕವಾಗಲಿ, ಭೂಮಿಯ ಬೆಲೆ ಏರಿದಾಗ ಬಡವನು ಎಲ್ಲಿಗೆ ಹೋಗಬೇಕೆಂಬುದಾಗಲಿ ಮಾನಸಾರದಲ್ಲಿ ಇಲ್ಲ. ಅದನ್ನು ಅಲ್ಲಿ ಹುಡುಕುವುದು ಅಮರಕೋಶದಲ್ಲಿ ರೈಲುಗಾಡಿಯ ಪರ್ಯಾಯಪದಗಳನ್ನು ಹುಡುಕಿದಂತೆ.

ಹಾಗಾದರೆ ಹೊಸ ವಿದ್ಯೆಯ ತಿರುಳೇನು? ನನಗೆ ತಿಳಿದಮಟ್ಟಿಗೆ, ಗೆರೆ ಎಳೆಯುವ ಮೊದಲು ಇರುವುದನ್ನು ನೋಡುವುದು. ನಮ್ಮ ಬಳ್ಳಾರಿಯ ಕೋಟೆಯ ಐತಿಹ್ಯವನ್ನು ನೀವೆಲ್ಲರೂ ಬಲ್ಲಿರಿ. ಹೈದರಾಲಿಯು ಫ್ರೆಂಚ್ ಎಂಜಿನಿಯರನಿಂದ ಕೋಟೆಯನ್ನು ಬಲಪಡಿಸಿದನಂತೆ. ಕೆಲಸವೆಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವಾಗಿದೆ, ಅಲ್ಲಿಂದ ಫಿರಂಗಿ ಹಾರಿಸಿದರೆ ಕೋಟೆ ಉಳಿಯದೆಂದು ಗೊತ್ತಾಗಿ, ಎಂಜಿನಿಯರನನ್ನು ಬಾಗಿಲಲ್ಲಿಯೇ ಗಲ್ಲಿಗೇರಿಸಿದನಂತೆ. ಕಥೆ ಎಷ್ಟು ನಿಜವೋ, ಹೇಳುವವರಿಗೇ ಬಿಡೋಣ. ಅವನು ಕಲ್ಲನ್ನು ಚೆನ್ನಾಗಿ ಕಟ್ಟಿಸಿದ. ಸುತ್ತಲೂ ಕಣ್ಣು ಹಾಯಿಸಲಿಲ್ಲ. ಇಂದಿನ ಎಷ್ಟೋ ಬಡಾವಣೆಗಳು ಈ ಜಾತಿಯವೇ. ನಿವೇಶನಗಳು ಗೆರೆ ಕೊಯ್ದಂತೆ ಇರುತ್ತವೆ. ಮಳೆಗಾಲದಲ್ಲಿ ಹಳ್ಳದ ನೀರು ಎಲ್ಲಿಂದ ಬರುತ್ತಿತ್ತೆಂಬುದನ್ನು ಯಾರೂ ಕೇಳಿರುವುದಿಲ್ಲ.

“ಮೊದಲು ಸಮೀಕ್ಷೆ, ಆಮೇಲೆ ಯೋಜನೆ” ಎಂಬ ಈ ನೀತಿಯನ್ನು ಲೋಕಕ್ಕೆಲ್ಲ ಸಾರಿದವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೀಸ್ ಎಂಬ ವಿದ್ವಾಂಸರು. ಹುಟ್ಟಿದ್ದು 1854ರಲ್ಲಿ, ಮೂಲತಃ ಸಸ್ಯಶಾಸ್ತ್ರಜ್ಞರು. 1914ರಲ್ಲಿ ಅವರು ಭಾರತಕ್ಕೆ ಬಂದಾಗ ಅವರ ನಗರ ಪ್ರದರ್ಶನದ ಚಿತ್ರಪಟಗಳನ್ನು ಹೊತ್ತ ಹಡಗನ್ನು ಜರ್ಮನರ ಎಮ್ಡೆನ್ ನೌಕೆಯು ಮುಳುಗಿಸಿತು. ಸ್ನೇಹಿತರು ಇನ್ನೊಂದು ಸಂಗ್ರಹವನ್ನು ಒದಗಿಸಿಕೊಟ್ಟರು. 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆಯಿತು. ಅದೇ ವರ್ಷ ಅವರು ಮದರಾಸು ಪ್ರಾಂತದ ಪಟ್ಟಣಗಳನ್ನು ಕುರಿತು ವರದಿ ಬರೆದರು. ನಮ್ಮ ಬಳ್ಳಾರಿಯೂ ಆಗ ಆ ಪ್ರಾಂತದೊಳಗಿನದೇ. 1953ರ ಅಕ್ಟೋಬರ್ 1ರಂದಷ್ಟೆ ನಾವು ಮೈಸೂರು ರಾಜ್ಯವನ್ನು ಸೇರಿದ್ದು. ಆ ಕಾಲದ ಅಧಿಕಾರಿಗಳಿಗೆ ಇಕ್ಕಟ್ಟಾದ ಪೇಟೆಯನ್ನು ಕಂಡರೆ ನೆಟ್ಟಗೊಂದು ಅಗಲವಾದ ರಸ್ತೆಯನ್ನು ಅದರ ನಡುವೆ ಹಾಯಿಸುವ ಆಸೆ. ಗೆಡ್ಡೀಸರು ಓಣಿಓಣಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಪಾಳುಬಿದ್ದ ಒಂದೆರಡು ಮನೆಗಳನ್ನು ಮಾತ್ರ ತೆಗೆದು, ಅಲ್ಲೊಂದು ಅಂಗಳ, ಇಲ್ಲೊಂದು ಮರದ ನೆರಳನ್ನು ಒದಗಿಸಿ, ಉಳಿದ ಮನೆಗಳನ್ನೆಲ್ಲ ಉಳಿಸುವ ಉಪಾಯವನ್ನು ತೋರಿಸುತ್ತಿದ್ದರು. ಖರ್ಚೂ ಕಡಮೆ, ಕಣ್ಣೀರೂ ಕಡಮೆ. ಶಸ್ತ್ರವೈದ್ಯನು ಕೊಳೆತ ಭಾಗವನ್ನಷ್ಟೆ ಕೊಯ್ದು ದೇಹವನ್ನು ಕಾಪಾಡುವಂತೆ ಎಂದು ಅವರ ಆಶಯ.

ಇಂದೂರಿನಲ್ಲಿ ಅವರು ಮಾಡಿದ ಒಂದು ಕಾರ್ಯವನ್ನು ಹೇಳದೆ ಮುಂದೆ ಹೋಗಲಾರೆ. ಜಾತ್ರೆಯನ್ನು ನಡೆಸುವ ಭಕ್ತಮಂಡಲಿಯಾದ ನಿಮಗೆ ಅದು ರುಚಿಸೀತು. ಆ ಊರಿನಲ್ಲಿ ಪ್ಲೇಗಿನ ಭಯವಿತ್ತು. ಬೀದಿ ಗುಡಿಸಿರೆಂದು ಡಂಗುರ ಹೊಡೆಸಿದರೆ ಜನ ಕೇಳುವರೆ? ಗೆಡ್ಡೀಸರು ಅಲ್ಲಿಯ ದೊರೆಯನ್ನು ಕೇಳಿಕೊಂಡು ಒಂದು ದಿನದ ಮಟ್ಟಿಗೆ ತಾವೇ ಅರಸರಾದರು. ದೀಪಾವಳಿಯ ಮೆರವಣಿಗೆಯು ಈ ಸಲ ಹಳೆಯ ದಾರಿಯಲ್ಲಿ ಹೋಗದು. ಯಾವ ಬೀದಿಯವರು ಮನೆಗಳನ್ನು ಹೆಚ್ಚು ಚೊಕ್ಕಟ ಮಾಡಿ ರಿಪೇರಿ ಮಾಡಿರುವರೋ ಆ ಬೀದಿಯಲ್ಲಿಯೇ ಹೋಗುವುದೆಂದು ಸಾರಿಸಿದರು. ಊರಿಗೆ ಊರೇ ಪೊರಕೆ ಹಿಡಿಯಿತು. ಮೆರವಣಿಗೆಯಲ್ಲಿ ಕಸದ ರಾಕ್ಷಸನನ್ನೂ ಪ್ಲೇಗಿನ ದೊಡ್ಡ ಇಲಿಯನ್ನೂ ಮಾಡಿ ಮೆರೆಯಿಸಿ, ಕೊನೆಗೆ ಸುಟ್ಟರಂತೆ. ಸರಕಾರದ ಸುತ್ತೋಲೆಗೆ ಆಗದ ಕೆಲಸ ಉತ್ಸವಕ್ಕೆ ಆಯಿತು. 1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯವು ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರಕ್ಕೆ ಪೀಠವನ್ನು ಸ್ಥಾಪಿಸಿ ಇವರನ್ನೇ ಮೊದಲ ಪ್ರಾಧ್ಯಾಪಕರನ್ನಾಗಿ ಮಾಡಿತು. ಪರದೇಶದ ಪಂಡಿತನು ನಮ್ಮ ಓಣಿಗಳಲ್ಲಿ ಕಲಿತು ನಮಗೇ ಹೇಳಿದನೆಂಬುದನ್ನು ಇಲ್ಲಿ ನೆನಪಿಡಿರಿ.

ಈ ವಿದ್ಯೆಗೆ ವಿಶ್ವವಿದ್ಯಾನಿಲಯದ ಗದ್ದುಗೆ ಮೊದಲು ದೊರೆತದ್ದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ, 1909ರಲ್ಲಿ. ವಿಲಿಯಂ ಲಿವರ್ ಎಂಬ ಸಾಬೂನಿನ ವರ್ತಕರು ಪತ್ರಿಕೆಯೊಂದರ ಮೇಲೆ ಮಾನಹಾನಿಯ ವ್ಯಾಜ್ಯದಿಂದ ಪಡೆದ ಹಣವನ್ನು ಮನೆಗೆ ಒಯ್ಯದೆ ವಿಶ್ವವಿದ್ಯಾನಿಲಯಕ್ಕೆ ಕೊಟ್ಟರು. ಅದರಿಂದ ಆ ವಿಭಾಗ ಹುಟ್ಟಿತು.

ಇನ್ನು ಮುಖ್ಯವಾದ ಸಂಗತಿ. ಇಂದು ಅಂತರರಾಷ್ಟ್ರೀಯ ನಗರ ಯೋಜನೆ ಎಂದು ಲಂಡನ್ನಿನಲ್ಲಿ ಕಲಿಸುವ ವಿದ್ಯೆಯ ಒಂದು ಬೇರು ನಮ್ಮ ಕನ್ನಡನಾಡಿನಲ್ಲಿಯೇ ಇದೆ. ಬರ್ಲಿನ್ನಿನಲ್ಲಿ 1908ರಲ್ಲಿ ಹುಟ್ಟಿದ ಓಟೋ ಕೋನಿಗ್ಸ್‌ಬರ್ಗರ್ ಎಂಬ ಶಿಲ್ಪಿಗಳು ಯೆಹೂದ್ಯರು. ಹಿಟ್ಲರನ ಆಳಿಕೆಯಲ್ಲಿ ಉದ್ಯೋಗ ಕಳೆದುಕೊಂಡು, ಈಜಿಪ್ಟಿಗೆ ಹೋಗಿ, 1939ರಲ್ಲಿ ಮೈಸೂರು ಸಂಸ್ಥಾನವನ್ನು ಸೇರಿದರು. ಸರ್ ಮಿರ್ಜಾ ಇಸ್ಮಾಯಿಲರು ಆಗ ದಿವಾನರು. ದೇಶಭ್ರಷ್ಟರಾದ ಈ ಮನುಷ್ಯರು ಸಂಸ್ಥಾನದ ಮುಖ್ಯಶಿಲ್ಪಿಗಳಾಗಿ ಬೆಂಗಳೂರಿನಲ್ಲಿ ಸುಮಾರು ಒಂಬತ್ತು ವರ್ಷ ದುಡಿದರು. ಭಾರತೀಯ ವಿಜ್ಞಾನ ಮಂದಿರದಲ್ಲಿ ಅವರು ಕಟ್ಟಿಸಿದ ಕಟ್ಟಡಗಳು ಉಂಟು. ಬಿಸಿಲಿಗೆ ನೆರಳು ಹೇಗೆ ಕೊಡಬೇಕು, ಗಾಳಿಯನ್ನು ಒಳಗೆ ಹೇಗೆ ಕರೆಯಬೇಕು ಎಂಬುದು ಬರ್ಲಿನ್ನಿನ ಪಾಠದಲ್ಲಿ ಇರಲಾರದು. ಮುಂದೆ 1948ರಲ್ಲಿ ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರಕ್ಕೆ ಯೋಜನೆ ಹಾಕಿದರು. ಭಾರತ ಸರಕಾರದ ವಸತಿ ನಿರ್ದೇಶಕರಾಗಿ, ದೇಶವಿಭಾಗದಿಂದ ನಿರಾಶ್ರಿತರಾದವರಿಗೆ ಊರು ಕಟ್ಟುವ ಹೊಣೆಯನ್ನೂ ಹೊತ್ತರು. ದೆಹಲಿಯಲ್ಲಿ ಕಾರ್ಖಾನೆಯಿಂದ ಗೋಡೆಗಳನ್ನು ಎರಕ ಹೊಯ್ದು ತಂದು ಬೇಗಬೇಗ ಮನೆ ನಿಲ್ಲಿಸುವ ಪ್ರಯತ್ನವು ಕೈಗೂಡಲಿಲ್ಲ. ಅದಾದ ಮೇಲೆ ಲಂಡನ್ನಿಗೆ ತೆರಳಿದರು.

ಅಲ್ಲಿ ಒಂದು ಪ್ರಶ್ನೆ ಅವರಿಗಾಗಿ ಕಾದಿದ್ದಂತಿತ್ತು. ಆಫ್ರಿಕದ ನೈಜೀರಿಯಾದಿಂದ ಶಿಲ್ಪವಿದ್ಯೆ ಕಲಿಯಲು ಬಂದಿದ್ದ ಅಡೆಡೊಕುನ್ ಅಡೆಯೆಮಿ ಎಂಬ ವಿದ್ಯಾರ್ಥಿಯು, ನೀವು ಇಲ್ಲಿ ಕಲಿಸುವುದು ನಮ್ಮ ಬಿಸಿನಾಡಿನ ಉಪಯೋಗಕ್ಕೆ ಬರುವುದಿಲ್ಲವೆಂಬ ಆಕ್ಷೇಪವನ್ನು ಎತ್ತಿದನು. ಆ ಮಾತನ್ನು ಗುರುಗಳು ಅವಿನಯವೆಂದು ತಳ್ಳಿಬಿಡಲಿಲ್ಲ. 1953ರಲ್ಲಿ ಅದಕ್ಕಾಗಿಯೇ ಲಂಡನ್ನಿನಲ್ಲಿ ಒಂದು ವಿದ್ವತ್ಸಭೆ ಸೇರಿತು. 1954ರಲ್ಲಿ ಅಲ್ಲಿಯ ಆರ್ಕಿಟೆಕ್ಚರಲ್ ಅಸೋಸಿಯೇಶನ್ನಿನ ಶಾಲೆಯಲ್ಲಿ ಉಷ್ಣದೇಶಗಳ ಶಿಲ್ಪಕ್ಕೆ ಪ್ರತ್ಯೇಕ ವಿಭಾಗ ತೆರೆಯಿತು. 1957ರಿಂದ ಕೋನಿಗ್ಸ್‌ಬರ್ಗರರೇ ಅದರ ಮುಖ್ಯರಾದರು. ಆ ವಿಭಾಗವು 1971ರಲ್ಲಿ ಯೂನಿವರ್ಸಿಟಿ ಕಾಲೇಜಿಗೆ ಸೇರಿ ‘ಡೆವಲಪ್‌ಮೆಂಟ್ ಪ್ಲಾನಿಂಗ್ ಯೂನಿಟ್’ ಎಂಬ ಹೆಸರಿನಿಂದ ಇಂದಿಗೂ ನಡೆಯುತ್ತಿದೆ. ಏಷ್ಯಾ, ಆಫ್ರಿಕ, ದಕ್ಷಿಣ ಅಮೆರಿಕಗಳ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಾರೆ. ನಮ್ಮ ಹೆಣ್ಣುಮಗಳು ಅರ್ಜಿ ಹಾಕಿರುವುದೂ ಅಲ್ಲಿಗೇ. ಕೋನಿಗ್ಸ್‌ಬರ್ಗರರ ಬೋಧೆಯ ಸಾರವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ಬಡದೇಶಗಳ ಪಟ್ಟಣಗಳು ನಕಾಶೆಗಾಗಿ ಕಾಯುವುದಿಲ್ಲ, ಇಪ್ಪತ್ತು ವರ್ಷದ ಮಹಾಯೋಜನೆಯ ಶಾಯಿ ಆರುವ ಮೊದಲೇ ಊರು ಅದನ್ನು ದಾಟಿರುತ್ತದೆ, ಆದ್ದರಿಂದ ಇಂದು ಅಗತ್ಯವಾದುದನ್ನು ಮಾಡು, ಮಾಡಿದ್ದನ್ನು ನೋಡು, ನೋಡಿ ತಿದ್ದು.

“ಲಂಡನ್ನಿನಲ್ಲಿ ಕಲಿಯುವಂಥಾದ್ದು ಏನಿದೆ?” ಎಂದು ಕೇಳಿದ ಹಿರಿಯರಿಗೆ ನನ್ನ ಉತ್ತರ ಇದು. ಅಲ್ಲಿ ಇರುವುದರಲ್ಲಿ ಒಂದು ಪಾಲು ನಮ್ಮದೇ. ಆದರೆ ಅದು ಈಗ ನೈಜೀರಿಯಾದ, ಸಿಂಗಪುರದ, ಬ್ರೆಜಿಲಿನ ಅನುಭವಗಳೊಡನೆ ಬೆರೆತು ಬೆಳೆದಿದೆ. ಒಂದೇ ಊರನ್ನು ನೋಡಿದವನು ಆ ಊರಿನ ಕಷ್ಟವನ್ನು ವಿಧಿಯೆಂದು ತಿಳಿಯುತ್ತಾನೆ. ಹತ್ತು ಊರುಗಳ ಸಂಗತಿಯನ್ನು ಕೇಳಿದವನಿಗೆ ಅದು ಮನುಷ್ಯರು ಮಾಡಿದ್ದು, ಮನುಷ್ಯರು ಬಿಡಿಸಬಹುದಾದದ್ದು ಎಂದು ಗೊತ್ತಾಗುತ್ತದೆ.

ಇನ್ನು ನಮ್ಮ ಮೂರು ಊರುಗಳ ಮಾತು. ಮಹಾಯೋಜನೆಯ ನಕಾಶೆಯನ್ನು ನೀವು ಕಚೇರಿಯಲ್ಲಿ ನೋಡಿರಬಹುದು. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಿಳೆ, ಉದ್ಯಾನಗಳಿಗೆ ಹಸಿರು ಬಣ್ಣ. ಬಳ್ಳಾರಿಯ ಜೀನ್ಸ್ ಹೊಲಿಗೆಯವನ ಮನೆಗೆ ಯಾವ ಬಣ್ಣ ಹಾಕೋಣ? ಮುಂದಿನ ಕೋಣೆಯಲ್ಲಿ ಯಂತ್ರ, ಹಿಂದೆ ಒಲೆ, ಗುಂಡಿ ಹಚ್ಚುವವಳು ಮನೆಯ ಸೊಸೆ, ಗಿರಾಕಿ ಬರುವುದು ಬಾಗಿಲಿಗೇ. ಹಳದಿ ಹಾಕಿದರೆ ಆತನ ಕಸುಬು ಕಾನೂನಿನ ಹೊರಗಾಯಿತು. ನೇರಿಳೆ ಹಾಕಿದರೆ ಮಕ್ಕಳು ಮಲಗುವ ಜಾಗ ಕಾರ್ಖಾನೆಯಾಯಿತು. ಕಾಯಕವನ್ನೂ ಮನೆಯನ್ನೂ ಬೇರ್ಪಡಿಸದೆ ಬಾಳಿದ ಜನ ನಾವು. ಬಟ್ಟೆಗೆ ಬಣ್ಣ ಹಾಕಿ ತೊಳೆದ ನೀರನ್ನು ಮಾತ್ರ ಬೇರೆ ಮಾಡಲೇಬೇಕು. ಯಾವುದನ್ನು ಬೇರ್ಪಡಿಸಬೇಕು, ಯಾವುದನ್ನು ಕೂಡಿಯೇ ಇರಗೊಡಬೇಕು ಎಂಬ ವಿವೇಕವೇ ಈ ವಿದ್ಯೆ.

ಸಿರುಗುಪ್ಪದ್ದು ಬೇರೆಯೇ ಬಗೆ. ವಿಜಯನಗರದ ಅರಸರ ಕಾಲದ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳು ಅಲ್ಲಿ ಇನ್ನೂ ಉಂಟು. ಅದರ ಮೇಲೆ ತುಂಗಭದ್ರಾ ಅಣೆಕಟ್ಟಿನ ದೊಡ್ಡ ಕಾಲುವೆಗಳು ಬಂದುವು. ಭತ್ತ ಬೆಳೆಯಿತು, ಅಕ್ಕಿ ಗಿರಣಿಗಳು ಬೆಳೆದುವು, ಎರೆಭೂಮಿಯಲ್ಲಿ ನೀರು ನಿಂತು ಸವಳೂ ಬೆಳೆಯಿತು. ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದರಿಂದ ಗೋಡೆ ಸೀಳುವುದನ್ನು ಅಲ್ಲಿಯ ಯಾವ ಗೃಹಿಣಿಯಾದರೂ ಬಲ್ಲಳು. ನದಿ, ಎರಡು ಕಾಲದ ಕಾಲುವೆಗಳು, ಗಿರಣಿ, ಸುಗ್ಗಿಗೆ ಬಂದುಹೋಗುವ ಕೂಲಿಯವರು, ಇವೆಲ್ಲ ಕೂಡಿದ ಸಣ್ಣ ಪಟ್ಟಣವನ್ನು ಹೇಗೆ ಬೆಳೆಸಬೇಕೆಂಬುದಕ್ಕೆ ಬೆಂಗಳೂರಿನ ಉದಾಹರಣೆ ಪ್ರಯೋಜನಕ್ಕೆ ಬಾರದು. ಈಜಿಪ್ಟಿನ ನೈಲ್ ತೀರದ ಊರು ಒಂದುವೇಳೆ ಬಂದೀತು.

ಕುರುಗೋಡು ಕಲ್ಯಾಣದ ಚಾಲುಕ್ಯರ ಮಾಂಡಲಿಕರಾದ ಸಿಂದರ ರಾಜಧಾನಿ. ಗುಡ್ಡಗಳ ಮಗ್ಗುಲಲ್ಲಿ ಹಳೆಯ ಗುಡಿಗಳು, ಊರಿನಲ್ಲಿ ದೊಡ್ಡಬಸವೇಶ್ವರ. ಈಚೆಗೆ ತಾಲ್ಲೂಕಿನ ಕೇಂದ್ರವಾಗಿದೆ. ಕಚೇರಿಗಳು ಬರುತ್ತವೆ, ಕಚೇರಿಯ ಹಿಂದೆ ನಿವೇಶನದ ದಲ್ಲಾಳಿಯೂ ಬರುತ್ತಾನೆ. ತೇರು ಎಳೆಯುವ ಬೀದಿಯ ಅಗಲವನ್ನು ನಮ್ಮ ಹಿರಿಯರು ತೇರಿನ ಗಾಲಿಯಿಂದಲೂ ಹಗ್ಗ ಹಿಡಿಯುವ ಜನರಿಂದಲೂ ಅಳೆದರು. ಅದರಿಂದ ವರ್ಷದ ಉಳಿದ ದಿನಗಳಲ್ಲಿ ಸಂತೆಗೂ ಮಕ್ಕಳ ಆಟಕ್ಕೂ ಜಾಗ ಉಳಿಯಿತು. ಅದನ್ನು ಈಗ ಅಂಗಡಿಕಟ್ಟೆಗಳು ಅಂಗುಲ ಅಂಗುಲವಾಗಿ ನುಂಗಿದರೆ ಕಾಯುವವರು ಯಾರು?

ವ್ಯಾಸಂಗದ ಸಂಗತಿಯನ್ನು ಪೋಷಕರ ತಿಳಿವಳಿಕೆಗಾಗಿ ಚಿಕ್ಕದಾಗಿ ಹೇಳುವೆನು. ನಮ್ಮ ದೇಶದಲ್ಲಿಯೂ ಈ ಶಿಕ್ಷಣ ಉಂಟು. ದೆಹಲಿಯ ಯೋಜನಾ ಮತ್ತು ಶಿಲ್ಪ ವಿದ್ಯಾಲಯ, ಖರಗಪುರದ ಐಐಟಿ, ಅಹಮದಾಬಾದಿನ ಸೆಪ್ಟ್, ನಮ್ಮ ಮೈಸೂರಿನ ಮಾನಸಗಂಗೋತ್ರಿ, ಇವುಗಳಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ. ಖರ್ಚು ಕಡಮೆ, ನಮ್ಮ ಕಾಯಿದೆಗಳ ಜ್ಞಾನ ಹೆಚ್ಚು. ಎಷ್ಟೋ ವಿದ್ಯಾರ್ಥಿಗಳಿಗೆ ಅದೇ ಸರಿಯಾದ ದಾರಿ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಒಂದೇ ವರ್ಷ, ಅಮೆರಿಕದಲ್ಲಿ ಎರಡು ವರ್ಷ. ಶಿಲ್ಪ, ಎಂಜಿನಿಯರಿಂಗ್ ಓದಿದವರೇ ಆಗಬೇಕೆಂದಿಲ್ಲ. ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದಿದವರನ್ನೂ ತೆಗೆದುಕೊಳ್ಳುವುದುಂಟು. ಚೀವ್ನಿಂಗ್ ಎಂಬ ಬ್ರಿಟಿಷ್ ಸರಕಾರದ ವಿದ್ಯಾರ್ಥಿವೇತನವು ಪೂರ್ಣವೆಚ್ಚವನ್ನು ವಹಿಸುತ್ತದೆ. ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಿರಲೂ ಬೇಕು. ಹೊಲ ಒತ್ತೆಯಿಟ್ಟು ಸಾಲ ಮಾಡುವ ಮೊದಲು ಇಂಥವುಗಳಿಗೆ ಅರ್ಜಿ ಹಾಕಿ ನೋಡತಕ್ಕದ್ದು. ಸಾಲವನ್ನೇ ನಂಬಿ ಹೋದವರು ಅದನ್ನು ತೀರಿಸುವುದಕ್ಕಾಗಿಯೇ ಅಲ್ಲಿ ಉಳಿಯಬೇಕಾಗುತ್ತದೆ. ಅವರನ್ನು ದೂರಿ ಫಲವಿಲ್ಲ.

ಈಗ ನಿಯಮದ ಮಾತು. ಹಿಂದಿರುಗಿ ಬರುವೆನೆಂದು ಮುಚ್ಚಳಿಕೆ ಬರೆಯಿಸಿಕೊಳ್ಳಬೇಕೆಂದು ಸಮಿತಿಯ ಕೆಲವರು ಸೂಚಿಸಿದರು. ನನಗೆ ಅದು ಒಪ್ಪಿಗೆಯಿಲ್ಲ. ಕಾಗದದಿಂದ ಕಟ್ಟಿ ತಂದ ವಿದ್ವಾಂಸಳು ಊರಿಗೆ ಏನು ಮಾಡಿಯಾಳು? ನಾನು ಕೇಳುವುದು ಹೋಗುವ ಮೊದಲಿನ ಕೆಲಸ. ಅರ್ಜಿದಾರಳು ಮೂರು ತಿಂಗಳು ಸಿರುಗುಪ್ಪದ ಓಣಿಗಳಲ್ಲಿ ನಡೆದು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಬೇಸಗೆಯಲ್ಲಿ ಯಾರು ಎಲ್ಲಿ ಮಲಗುತ್ತಾರೆ, ಕೂಲಿಯವರು ಯಾವ ತಿಂಗಳು ಎಲ್ಲಿ ಬಿಡಾರ ಹೂಡುತ್ತಾರೆ, ಹೊಲದ ಬಂಡಿ ಎಲ್ಲಿ ತಿರುಗುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದು, ನಕಾಶೆಸಹಿತವಾಗಿ ಒಂದು ಪ್ರತಿಯನ್ನು ಮಠದ ಪುಸ್ತಕಭಂಡಾರದಲ್ಲಿ ಇಡಬೇಕು. ಅಡೆಯೆಮಿಗೆ ಗುರುಗಳನ್ನು ಪ್ರಶ್ನಿಸುವ ಧೈರ್ಯ ಬಂದದ್ದು ತನ್ನ ಊರಿನ ಬಿಸಿಲು ಅವನಿಗೆ ಗೊತ್ತಿದ್ದುದರಿಂದ. ಊರನ್ನು ಅರಿಯದೆ ಹೋದವಳು ಅವರು ಹೇಳಿದ್ದನ್ನು ಬರೆದುಕೊಂಡು ಬಂದಾಳು, ಅಷ್ಟೆ.

ಆ ಪ್ರತಿಯಿಂದ ಆಕೆ ಬಾರದಿದ್ದರೂ ನಮಗೆ ಪ್ರಯೋಜನವುಂಟು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ ಮಹಾಯೋಜನೆಯನ್ನು ಹತ್ತು ವರ್ಷಗಳಿಗೊಮ್ಮೆ ಪರಿಷ್ಕರಿಸತಕ್ಕದ್ದು. ಕರಡನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಕೇಳತಕ್ಕದ್ದು. ಕೇಳುತ್ತಾರೆ ಕೂಡ. ನಮ್ಮವರು ತಮ್ಮ ಸರ್ವೆ ನಂಬರಿಗೆ ಯಾವ ಬಣ್ಣ ಬಿದ್ದಿದೆ ಎಂದಷ್ಟೆ ನೋಡಿ ಬರುತ್ತಾರೆ. ಹಳ್ಳದ ಮೇಲೆ ಹಳದಿ ಬಿದ್ದುದನ್ನು ತೋರಿಸಿ, ಇಂಥ ವರ್ಷ ಇಲ್ಲಿ ಇಷ್ಟು ನೀರು ನಿಂತಿತ್ತು ಎಂದು ಲಿಖಿತ ಆಧಾರದೊಡನೆ ಹೇಳಬಲ್ಲವರು ಆಗ ಬೇಕು.

ಆದುದರಿಂದ ಸಭಿಕರಲ್ಲಿ ನನ್ನದೊಂದು ಬೇಡಿಕೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಹಿರಿಯರ ಮನೆಗಳಲ್ಲಿ ಹಳೆಯ ಗ್ರಾಮನಕಾಶೆಗಳು, ಕಾಲುವೆಯ ನೀರಿನ ಸರದಿಯ ಲೆಕ್ಕಗಳು, ಜಾತ್ರೆಯ ತೇರುಬೀದಿಯ ದಾಖಲೆಗಳು ಇದ್ದರೆ, ಅವನ್ನು ಕೆಲವು ದಿನಗಳ ಮಟ್ಟಿಗೆ ಪುಸ್ತಕಭಂಡಾರಕ್ಕೆ ತಂದುಕೊಡಿರಿ. ಪ್ರತಿ ತೆಗೆದುಕೊಂಡು ಮೂಲವನ್ನು ರಶೀದಿಯ ಪ್ರಕಾರ ಹಿಂದಿರುಗಿಸಲಾಗುವುದು. ಸಹಾಯನಿಧಿಯ ಸಮಿತಿಯು ಬರುವ ಹುಣ್ಣಿಮೆಯ ಮಾರನೆಯ ದಿನ ಸೇರುತ್ತದೆ. ನಿಯಮವನ್ನು ಒಪ್ಪದವರು ಅದಕ್ಕೆ ಮೊದಲೇ ನನ್ನನ್ನು ಕಂಡು ವಾದಿಸಬಹುದು. ಸಂಜೆಯ ಪಾಠವಾದ ಮೇಲೆ ನಾನು ಭಂಡಾರದಲ್ಲಿಯೇ ಇರುತ್ತೇನೆ.